ಒಂದ್ ಮ್ಯಾಚ್ ಆಡಿಬಿಡಪಾ!

ಹೋದ ವಾರ ನಮ್ಮ ಟೀಮ್ ಲೀಡ್‌ಗೆ ಡೆಂಗ್ಯೂ. ಐದು ವರ್ಷದಿಂದ ಪೇಮೆಂಟ್ ಮಾಡ್ಯೂಲ್ ಅಂದ್ರೆ ಅವರೇ. ಬೆಳಗಿನ ಸ್ಟ್ಯಾಂಡ್‌ಅಪ್‌ನಲ್ಲಿ ಆರು ಜನ ಇದ್ವಿ. ‘ಇದನ್ನ ಯಾರು ನೋಡ್ತೀರಿ?’ ಅಂತ ಮ್ಯಾನೇಜರ್ ಕೇಳಿದ ಕೂಡಲೇ ಎಲ್ಲರೂ ಮ್ಯೂಟ್. ಮಧ್ಯಾಹ್ನ ಗ್ರೂಪ್‌ನಲ್ಲಿ ಒಂದು ಮೆಸೇಜ್ ಬಂತು: ‘ಸರ್‌ಗೆ ಒಂದು ಕಾಲ್ ಮಾಡೋಣ್ವಾ? ಐದೇ ನಿಮಿಷ.’

ಆ ‘ಐದೇ ನಿಮಿಷ’ ಓದಿದಾಗ ನನಗೆ ಕಾಲೇಜಿನ ಬಾಸ್ಕೆಟ್‌ಬಾಲ್ ಕೋರ್ಟ್ ನೆನಪಾಯ್ತು.

ನಾನು ಹೆಬ್ಬಳ್ಳಿ ಹುಡುಗ. ಊರಲ್ಲಿ ಕಬಡ್ಡಿ, ಕ್ರಿಕೆಟ್ ಬಿಟ್ರೆ ಬೇರೆ ಆಟ ಗೊತ್ತಿರಲಿಲ್ಲ. ಇಂಜಿನಿಯರಿಂಗ್‌ಗೆ ಸೇರಿದ ಮೇಲೆ, ಎತ್ತರ ಇದ್ದೀನಿ ಅನ್ನೋ ಒಂದೇ ಕಾರಣಕ್ಕೆ ಬಾಸ್ಕೆಟ್‌ಬಾಲ್ ಟೀಮಿಗೆ ಹಾಕಿಕೊಂಡರು. ನಮ್ಮ ಪಾಯಿಂಟ್ ಗಾರ್ಡ್ ನನ್ನ ರೂಮ್‌ಮೇಟ್. ಚೆಂಡು ಮೇಲಕ್ಕೆ ತರೋನು ಅವನೇ, ಯಾರು ಎಲ್ಲಿ ನಿಲ್ಲಬೇಕು ಅಂತ ಕೂಗೋನೂ ಅವನೇ. ನಾವು ನಾಲ್ವರು ಅವನು ಹೇಳಿದಲ್ಲಿ ನಿಂತು, ಅವನು ಕೊಟ್ಟ ಚೆಂಡನ್ನ ಬುಟ್ಟಿಗೆ ಹಾಕ್ತಿದ್ವಿ, ಅಷ್ಟೇ.

ಫೈನಲ್ ಇಯರ್‌ನಲ್ಲಿ, ಟೂರ್ನಮೆಂಟಿಗೆ ಹತ್ತು ದಿನ ಇರುವಾಗ ಪ್ರ್ಯಾಕ್ಟೀಸ್‌ನಲ್ಲಿ ಅವನ ಮೊಣಕಾಲು ಹೊರಳಿತು. ಬಾವು ಇಳಿದಿರಲಿಲ್ಲ. ಆದರೂ ನಾವೆಲ್ಲ ಅವನ ಸುತ್ತ ಕೂತು ಹೇಳಿದ್ದು ಒಂದೇ ಮಾತು: ‘ಒಂದ್ ಮ್ಯಾಚ್ ಆಡಿಬಿಡಪಾ, ಆಮ್ಯಾಲೆ ರೆಸ್ಟ್ ತಗೊ.’ ಎಲ್ಲರಿಗಿಂತ ಜೋರಾಗಿ ಹೇಳಿದವನು ನಾನು. ಪಟ್ಟಿ ಸುತ್ತಿಕೊಂಡು ಇಳಿದ. ಎರಡನೇ ಕ್ವಾರ್ಟರ್‌ನಲ್ಲಿ, ಯಾರೂ ಮುಟ್ಟದೇ, ಬಿದ್ದ. ಲಿಗಮೆಂಟ್ ಹರಿದಿತ್ತು. ಮ್ಯಾಚೂ ಹೋಯ್ತು. ಆಮೇಲೆ ಅವನು ಕೋರ್ಟಿಗೆ ಇಳಿದಿಲ್ಲ.

ಕ್ರಿಕೆಟ್‌ನಲ್ಲಿ ಹನ್ನೊಂದರಲ್ಲಿ ಒಬ್ಬ ಇಲ್ಲದಿದ್ರೂ ಹೇಗೋ ದೂಡಬಹುದು. ಬಾಸ್ಕೆಟ್‌ಬಾಲ್‌ನಲ್ಲಿ ಕೋರ್ಟ್ ಮೇಲಿರೋದೇ ಐದು ಜನ. ಒಬ್ಬ ಹೋದರೆ ಅವನ ಪಾಯಿಂಟ್ಸ್ ಮಾತ್ರ ಹೋಗಲ್ಲ. ಅವನ ಮೇಲೆ ಕಣ್ಣಿಟ್ಟಿದ್ದ ಎದುರಾಳಿಗಳು ಈಗ ಉಳಿದವರನ್ನ ಮುತ್ತಿಕೊಳ್ತಾರೆ, ಸುಲಭದ ಶಾಟ್ ಕಷ್ಟದ್ದಾಗುತ್ತೆ. ಬೆಂಚಿನ ಹುಡುಗರು ಜಾಸ್ತಿ ಹೊತ್ತು ಆಡಬೇಕು. ಸುಸ್ತಾದಾಗ ಫೌಲ್ ಜಾಸ್ತಿ, ಐದು ಫೌಲ್ ಆದರೆ ಇನ್ನೊಬ್ಬನೂ ಹೊರಗೆ.

ನಾವು ಮಾಡಿದ ತಪ್ಪನ್ನ ದೊಡ್ಡವರೂ ಮಾಡಿದ್ದಾರೆ ಅಂತ ಆಮೇಲೆ ತಿಳೀತು. 2019ರ ಎನ್‌ಬಿಎ ಫೈನಲ್ಸ್. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸತತ ಐದನೇ ಸಲ ಫೈನಲ್ಸ್‌ನಲ್ಲಿತ್ತು. ಮೀನಖಂಡದ ಪೆಟ್ಟಿನಿಂದ ಒಂದು ತಿಂಗಳು ಹೊರಗಿದ್ದ ಕೆವಿನ್ ಡ್ಯುರಾಂಟ್ ಐದನೇ ಪಂದ್ಯಕ್ಕೆ ಮರಳಿದ. 12 ನಿಮಿಷ ಆಡಿ 11 ಪಾಯಿಂಟ್ ಗಳಿಸಿದ, ಹಿಮ್ಮಡಿಯ ಅಕಿಲಿಸ್ ಹರಿಯಿತು. ಮುಂದಿನ ಪಂದ್ಯದಲ್ಲಿ ಕ್ಲೇ ಥಾಂಪ್ಸನ್ ಮೊಣಕಾಲು ಹೋಯ್ತು. ಟೊರಾಂಟೊ ರಾಪ್ಟರ್ಸ್ ಗೆದ್ದಿತು. ಡ್ಯುರಾಂಟ್ ಬೇರೆ ಟೀಮ್ ಸೇರಿದ, ಮುಂದಿನ ಇಡೀ ಸೀಸನ್ ಆಡಲೇ ಇಲ್ಲ. ಆ ಸೀಸನ್‌ನಲ್ಲಿ ಸ್ಟೆಫ್ ಕರಿ ಕೈ ಕೂಡ ಮುರಿಯಿತು. ವಾರಿಯರ್ಸ್ ಗೆದ್ದಿದ್ದು 15, ಸೋತಿದ್ದು 50. ಲೀಗ್‌ನಲ್ಲೇ ಕಡೆಯ ಸ್ಥಾನ.

ಇನ್ನೊಂದು ಕತೆ ನಮ್ಮ ಬೆಂಗಳೂರಿನದೇ. 2022ರ ಅಕ್ಟೋಬರ್ 8, ಕಂಠೀರವ ಒಳಾಂಗಣ ಕ್ರೀಡಾಂಗಣ, ಪ್ರೊ ಕಬಡ್ಡಿ. ಬೆಂಗಳೂರು ಬುಲ್ಸ್‌ಗೆ ಕಪ್ ತಂದುಕೊಟ್ಟಿದ್ದ ಪವನ್ ಸೆಹ್ರಾವತ್‌ನನ್ನ ಆ ಸಲ ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಎತ್ತಿಕೊಂಡಿತ್ತು. ಆಗ ಅದೇ ದಾಖಲೆ. ಮೊದಲನೇ ಮ್ಯಾಚ್‌ನಲ್ಲೇ ಮೊಣಕಾಲಿಗೆ ಪೆಟ್ಟು ಬಿದ್ದು, ಸೀಸನ್ನೇ ಮುಗೀತು.

ತಲೈವಾಸ್ ಕತೆ ಮುಗೀತು ಅಂತ ನಾನೂ ಅಂದುಕೊಂಡಿದ್ದೆ. ಶುರುವಿನಲ್ಲಿ ಒದ್ದಾಡಿದರು, ಕೋಚ್ ಬದಲಾದರು. ಆದರೆ ನರೇಂದರ್ ಅನ್ನೋ ಹೊಸ ಹುಡುಗನ ಕೈಗೆ ರೇಡಿಂಗ್ ಕೊಟ್ಟರು. ಮೊದಲ ಸೀಸನ್‌ನಲ್ಲೇ ಅವನು 243 ರೇಡ್ ಪಾಯಿಂಟ್ ತಂದ. ಅಲ್ಲಿವರೆಗೆ ಒಮ್ಮೆಯೂ ಪ್ಲೇಆಫ್ ಕಾಣದ ಟೀಮ್ ಸೆಮಿಫೈನಲ್ ತಲುಪಿತು. ತಮಾಷೆ ನೋಡಿ, ಪವನ್‌ನನ್ನ ಕಳಕೊಂಡ ಬುಲ್ಸ್ ಕೂಡ ಅದೇ ಸಲ ಸೆಮಿಫೈನಲ್‌ನಲ್ಲಿತ್ತು.

ಪವನ್ ಇದ್ದಿದ್ರೆ ತಲೈವಾಸ್ ಕಪ್ಪೇ ಎತ್ತುತ್ತಿತ್ತೇನೋ, ಯಾರು ಬಲ್ಲರು? ಒಳ್ಳೆ ಆಟಗಾರ ಹೋದರೆ ನಷ್ಟ ನಷ್ಟವೇ. ಆದರೆ ‘ಅವನು ಯಾವಾಗ ವಾಪಸ್ ಬರ್ತಾನೆ?’ ಅಂತ ದಾರಿ ಕಾಯೋ ಟೀಮಿಗೂ, ‘ಇರೋರಲ್ಲಿ ಯಾರು ಏನು ಮಾಡಬಹುದು?’ ಅಂತ ಕೇಳಿಕೊಳ್ಳೋ ಟೀಮಿಗೂ ವ್ಯತ್ಯಾಸ ಇದೆ. ನಾವು ಕಾಲೇಜಿನಲ್ಲಿ ಆ ಹತ್ತು ದಿನವನ್ನ ಅವನ ಮೊಣಕಾಲು ನೋಡೋದ್ರಲ್ಲೇ ಕಳೆದ್ವಿ. ಬೆಂಚಿನಲ್ಲಿದ್ದ ಜೂನಿಯರ್ ಕೈಗೆ ಒಂದು ದಿನವಾದ್ರೂ ಚೆಂಡು ಕೊಟ್ಟು ನೋಡಲಿಲ್ಲ.

ಆವತ್ತು ಗ್ರೂಪ್‌ನಲ್ಲಿ ನಾನೂ ‘ಹೂಂ, ಕಾಲ್ ಮಾಡೋಣ’ ಅಂತ ಟೈಪ್ ಮಾಡಿದ್ದೆ. ಅಳಿಸಿದೆ. ‘ಸರ್ ಮಲಗಿರಲಿ, ನಾವೇ ನೋಡೋಣ’ ಅಂತ ಹಾಕಿ, ಹೋದ ವರ್ಷ ಸೇರಿದ ಹುಡುಗಿ ಜೊತೆ ಲಾಗ್ ತೆಗೆದು ಕೂತೆ. ಲೀಡ್ ಆಗಿದ್ರೆ ಅರ್ಧ ಗಂಟೆ ಕೆಲಸ. ನಮಗೆ ರಾತ್ರಿ ಹತ್ತೂವರೆ ಆಯ್ತು. ತಪ್ಪು ಹುಡುಕಿದ್ದು ಅವಳೇ.

ಮನೆಗೆ ಹೋಗುವಾಗ ಹಳೇ ರೂಮ್‌ಮೇಟ್‌ಗೆ ಫೋನ್ ಹಚ್ಚಿದೆ. ಇಷ್ಟು ವರ್ಷ ಹೇಳಬೇಕು ಅಂದುಕೊಂಡು ಹೇಳದೇ ಇದ್ದ ಮಾತು ಹೇಳಿದೆ: ‘ಆವತ್ತ ನಿನ್ನ ಆಡಸಬಾರದಿತ್ತಲೇ.’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹೋಗ್ಲಿ ಬಿಡಲೇ, ನನಗೂ ಆಡೂ ಹುಚ್ಚಿತ್ತು’ ಅಂದ. ಆಮೇಲೆ ಕೇಳಿದ, ‘ಆದ್ರ ನಾ ಇಲ್ಲಂದ್ರ ಆ ಜೂನಿಯರ್ ಹೆಂಗ ಆಡ್ತಿದ್ದ ಅಂತೀ?’

ನನ್ನ ಹತ್ರ ಉತ್ತರ ಇರಲಿಲ್ಲ. ನಾವು ನೋಡೇ ಇಲ್ಲವಲ್ಲ.