ಪ್ರಾಣಿಪ್ಲವಕಗಳೂ ಮೀನುಗಾರಿಕೆಯ ಪಂಚಾಂಗವೂ

ಆಷಾಢದ ಗಾಳಿಯು ರಾಮಥಾಳದ ಎರೆಹೊಲಗಳ ಮೇಲೆ ಭೋರೆಂದು ಬೀಸುವುದೇ ಹೊರತು ಮಳೆಯನ್ನು ಧಾರಾಳವಾಗಿ ಕರುಣಿಸುವುದಿಲ್ಲ. ಸಹ್ಯಾದ್ರಿಯ ಆಚೆಗೆ ಅದೇ ಮುಂಗಾರು ಮಾರುತವು ನೆಲಕ್ಕೆ ಮಳೆಗರೆಯುವುದಲ್ಲದೆ ಕಡಲನ್ನೂ ಉಳುತ್ತದೆಂಬ ಸಂಗತಿಯು ಬಯಲುಸೀಮೆಯ ವಿದ್ಯಾರ್ಥಿಗಳಿಗೆ ಅಷ್ಟಾಗಿ ಪರಿಚಿತವಲ್ಲ.

ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಗುಂಟ ಗಾಳಿಯು ಉತ್ತರದಿಂದ ದಕ್ಷಿಣಕ್ಕೆ ಓರೆಯಾಗಿ ಬೀಸುತ್ತದೆ. ಭೂಭ್ರಮಣದ ಪ್ರಭಾವದಿಂದ ಮೇಲ್ಪದರದ ನೀರು ದಡವನ್ನು ತೊರೆದು ಹೊರಗಡಲಿಗೆ ಸರಿಯಲು, ತೆರವಾದ ಸ್ಥಾನಕ್ಕೆ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಈ ಊರ್ಧ್ವಗಮನವು ಕೇರಳದ ತೀರದಲ್ಲಿ ಪ್ರಬಲವಾದುದು. ಮಂಗಳೂರನ್ನು ದಾಟಿ ಕಾರವಾರದ ಕಡೆಗೆ ಸಾಗಿದಂತೆ ಕ್ಷೀಣಿಸುವಂಥದು. ಆಳದ ನೀರು ಹೊತ್ತು ತರುವ ನೈಟ್ರೇಟ್, ಫಾಸ್ಫೇಟ್‌ಗಳು ಕಡಲಿಗೆ ಹಾಕಿದ ಗೊಬ್ಬರವಿದ್ದಂತೆ. ಬೆಳಕು ದೊರೆತೊಡನೆ ಡಯಾಟಮ್ ಮೊದಲಾದ ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಅವುಗಳನ್ನು ಮೇದು ಪ್ರಾಣಿಪ್ಲವಕಗಳು ವೃದ್ಧಿ ಹೊಂದುತ್ತವೆ. ಇವುಗಳಲ್ಲಿ ಬಹುಸಂಖ್ಯಾತವಾದವು ಕೊಪೆಪಾಡ್‌ಗಳು. ಹೆಚ್ಚಿನವು ಒಂದೆರಡು ಮಿಲಿಮೀಟರನ್ನೂ ಮೀರದ ಕವಚಜೀವಿಗಳು. ಬಂಗುಡೆಗೆ ಇವೇ ಮುಖ್ಯ ಆಹಾರ. ಭೂತಾಯಿ ಮೀನು ಡಯಾಟಮ್‌ಗಳನ್ನು ವಿಶೇಷವಾಗಿ ಉಣ್ಣುವುದಾದರೂ ಅದರ ಮರಿಗಳಿಗೆ ಪ್ರಾಣಿಪ್ಲವಕಗಳೇ ಆಸರೆ. ದೊಡ್ಡ ಮೀನು ಚಿಕ್ಕದನ್ನು ನುಂಗುವುದನ್ನು ಪ್ರಾಚೀನರು ಮತ್ಸ್ಯನ್ಯಾಯವೆಂದು ಕರೆದರು. ಚಿಕ್ಕದು ಅಳಿದರೆ ದೊಡ್ಡದಕ್ಕೂ ಉಳಿವಿಲ್ಲವೆಂಬ ಉತ್ತರಾರ್ಧವನ್ನು ಆ ನ್ಯಾಯವು ಹೇಳದೆ ಬಿಟ್ಟಿತು.

ಮೇಲೆದ್ದ ನೀರಿನಲ್ಲಿ ಒಂದು ದೋಷವುಂಟು: ಅದರಲ್ಲಿ ಆಮ್ಲಜನಕವು ಅತ್ಯಲ್ಪ. ಸೆಪ್ಟೆಂಬರ್, ಅಕ್ಟೋಬರ್ ವೇಳೆಗೆ ತೀರದ ತಳನೀರು ಬಹುಮಟ್ಟಿಗೆ ಉಸಿರಾಡಲು ಅಯೋಗ್ಯವಾಗಿರುತ್ತದೆ. ಆಗ ಪ್ರಾಣಿಪ್ಲವಕಗಳ ಹೆಚ್ಚಿನ ಭಾಗವೂ ಅವನ್ನು ಅರಸುವ ಮೀನುಗಳೂ ತೆಳುವಾದ ಮೇಲ್ಪದರದಲ್ಲಿ ಇಕ್ಕಟ್ಟಾಗಿ ಸೇರುತ್ತವೆ. ಬಲೆಗೆ ಇದಕ್ಕಿಂತ ಸುಲಭದ ಬೇಟೆ ಯಾವುದು?

ಕರ್ನಾಟಕದಲ್ಲಿ ಯಂತ್ರಚಾಲಿತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ ಮೀನುಗಾರಿಕೆ ನಿಷಿದ್ಧ. ನಿಷೇಧವು ಶ್ಲಾಘ್ಯವೇ. ಆದರೆ ಕಡಲಿನ ಸುಗ್ಗಿಯು ಜುಲೈ 31ಕ್ಕೆ ಮುಗಿಯುವುದಿಲ್ಲ. ಮುಂಗಾರಿನಲ್ಲಿ ಹುಟ್ಟಿದ ಭೂತಾಯಿಯ ಮರಿಗಳು ಮೇದು ಬಲಿಯುವುದು ಅದರ ಮುಂದಿನ ತಿಂಗಳುಗಳಲ್ಲಿ. ಅದೇ ಹೊತ್ತಿಗೆ ಬಲೆಗಳು ಇಳಿದು, ಬೆರಳುದ್ದದ ಮರಿಗಳೂ ಮೀನುಹಿಟ್ಟಿನ ಗಿರಣಿಗಳನ್ನು ಸೇರುವುದು ಬಿತ್ತನೆಯ ಜೋಳವನ್ನು ಬೀಸುಕಲ್ಲಿಗೆ ಹಾಕಿದಂತೆಯೇ ಸರಿ. ನೆರೆಯ ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ನಿನಷ್ಟಿದ್ದ ಭೂತಾಯಿಯ ಇಳುವರಿ 2021ರಲ್ಲಿ ಮೂರು ಸಾವಿರ ಟನ್ನುಗಳ ಆಸುಪಾಸಿಗೆ ಕುಸಿಯಿತು. ಅನಂತರ ಚೇತರಿಕೆ ಕಂಡುಬಂದುದು ನಿಜ. ಕಡಲು ಕಾಯುವುದರಿಂದಲೂ ಇಂಥ ಏರಿಳಿತಗಳಾಗುವುದರಿಂದ ಬಲೆಯೊಂದನ್ನೇ ದೂಷಿಸುವುದು ನ್ಯಾಯವಲ್ಲ. ಆದರೆ ಮನುಷ್ಯನ ಕೈಯಲ್ಲಿರುವುದು ಬಲೆ ಮಾತ್ರ.

ಜ್ಞಾನದ ಕೊರತೆಯೆಂಬ ನೆವವೂ ಇಲ್ಲಿ ಸಲ್ಲದು. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆಯಲ್ಲಿ ಸಂಗ್ರಹಿಸಿದ ಪ್ರಾಣಿಪ್ಲವಕಗಳನ್ನು ವಿಂಗಡಿಸಲೆಂದೇ ಕೊಚ್ಚಿಯಲ್ಲಿ ಒಂದು ಕೇಂದ್ರವು ಏರ್ಪಟ್ಟಿತು. 1966ರಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು. ಇಷ್ಟೆಲ್ಲ ಪರಿಶ್ರಮದ ಫಲವು ಮೀನುಗಾರಿಕೆಯ ಪಂಚಾಂಗದೊಳಗೆ ಇಳಿಯಬೇಕು. ಪ್ರಾಣಿಪ್ಲವಕಗಳ ಸಮೃದ್ಧಿಯನ್ನು ವರ್ಷವರ್ಷವೂ ಅಳೆದು, ಆಗಸ್ಟಿನ ನಂತರವೂ ಮರಿಗಳು ನುಸುಳಿ ಪಾರಾಗುವಷ್ಟು ಬಲೆಯ ಕಣ್ಣುಗಳನ್ನು ದೊಡ್ಡದಾಗಿಸಿ, ಮರಿಮೀನನ್ನು ಕೊಳ್ಳುವ ಗಿರಣಿಗಳ ಬಾಗಿಲಲ್ಲಿಯೇ ತಪಾಸಣೆಯನ್ನು ನಡೆಸುವುದು ಯುಕ್ತ.