ಬಾನೆಟ್ ಎತ್ತಿದರೆ ಏನೇನು ಕಾಣುತ್ತದೆ?

ಕಳೆದ ಸುಗ್ಗಿಯಲ್ಲಿ ನಮ್ಮ ಸದಸ್ಯರೊಬ್ಬರು ಅಡಿಕೆ ಮೂಟೆ ಹೇರಿಕೊಂಡು ಹೊರಟಿದ್ದ ಡೀಸೆಲ್ ಪಿಕಪ್ ಮಾಗಡಿ ರಸ್ತೆಯಲ್ಲಿ ಕೆಟ್ಟು ನಿಂತಿತು. ಹತ್ತಿರದ ಗ್ಯಾರೇಜಿನಲ್ಲಿ ರಿಪೇರಿಯೂ ಆಯಿತು. ಆಮೇಲೆ ಅವರು ನಮಗೆ ತೋರಿಸಿದ ಬಿಲ್ಲಿನಲ್ಲಿ ‘ಸ್ಪಾರ್ಕ್ ಪ್ಲಗ್ 4’ ಎಂದಿತ್ತು. ಹಣ ಕೊಟ್ಟಾಗಿತ್ತು.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಒತ್ತಿದಾಗ ಅದು ಕಾಯುತ್ತದೆ. ಆ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಕಿಡಿ ಹಾರಿಸುವ ಪ್ಲಗ್ ಬೇಕಾದುದು ಪೆಟ್ರೋಲ್ ಗಾಡಿಗೆ. ಚಳಿಯಲ್ಲಿ ಸ್ಟಾರ್ಟ್ ಆಗಲೆಂದು ಡೀಸೆಲ್ ಗಾಡಿಗಳಲ್ಲಿ ಗ್ಲೋ ಪ್ಲಗ್ ಎಂಬುದಿರುತ್ತದೆ, ಅದು ಬೇರೆ. ಗ್ಯಾರೇಜಿನವರು ಬೇಕೆಂದೇ ಬರೆದರೋ, ಕೈತಪ್ಪಿ ಬರೆದರೋ ನಾವು ಹೇಳಲಾರೆವು. ನಿಂತು ಕೇಳುವಷ್ಟು ನಮ್ಮವರಿಗೆ ತಿಳಿದಿರಲಿಲ್ಲವಲ್ಲ ಎಂಬುದೇ ನಮ್ಮ ಕೊರಗು.

ಬೆಳೆಯ ವಿಷಯದಲ್ಲಿ ನಾವು ಹೀಗಿದ್ದೇವೆಯೇ? ಗಿಡಕ್ಕೆ ಏನೋ ಆಗಿದೆ ಎಂದು ಔಷಧಿ ಅಂಗಡಿಗೆ ಹೋಗುವವರು ನಮ್ಮಲ್ಲಿಲ್ಲ. ಕಾಫಿಗೆ ಕಾಂಡಕೊರಕ, ಅಡಿಕೆಗೆ ಕೊಳೆರೋಗ ಎಂದು ಹೆಸರು ಹಿಡಿದೇ ಕೇಳುತ್ತೇವೆ. ಎತ್ತಿನ ಗಾಡಿಯ ಕಾಲದಲ್ಲೂ ಅಷ್ಟೇ. ನೊಗ, ಮೂಕಿ, ಅಚ್ಚು, ಗುಂಬ, ಕಡಾಣಿ ಇವು ಮನೆಯ ಹುಡುಗರಿಗೂ ಗೊತ್ತಿದ್ದ ಮಾತು. ಗುಂಬ ಸೀಳಿದ್ದರೆ ಗುಂಬ ಸೀಳಿದೆ ಎಂದೇ ಬಡಗಿಗೆ ಹೇಳುತ್ತಿದ್ದರು. ಈಗ ಅದೇ ಅಂಗಳದಲ್ಲಿ ಲಕ್ಷಗಟ್ಟಲೆ ಬೆಲೆಯ ಕಾರು ನಿಂತಿದೆ, ನಮ್ಮ ಬಾಯಲ್ಲಿ ಬರುವುದು “ಮುಂದ್ಗಡೆ ಏನೋ ಸದ್ದು ಬರ್ತದೆ, ನೋಡಪ್ಪಾ” ಎಂಬುದೊಂದೇ.

ಕಾರೇನು ನಮಗೆ ದೂರದ ವಸ್ತುವಲ್ಲ. ರಾಮನಗರದ ಪಕ್ಕದ ಬಿಡದಿಯಲ್ಲಿ 1999ರ ಕೊನೆಯಿಂದ ಟೊಯೋಟಾ ಕಾರ್ಖಾನೆ ಕೆಲಸ ಮಾಡುತ್ತಿದೆ. ಕ್ವಾಲಿಸ್, ಅದರ ಹಿಂದೆಯೇ ಇನ್ನೋವಾ ಅಲ್ಲಿಂದಲೇ ಬಂದವು. ಹಳ್ಳಿಯ ಬಡ ಮಕ್ಕಳಿಗೆಂದು 2007ರಲ್ಲಿ ಅಲ್ಲೊಂದು ತಾಂತ್ರಿಕ ತರಬೇತಿ ಶಾಲೆಯೂ ತೆರೆಯಿತು. ಚನ್ನಪಟ್ಟಣದಲ್ಲಿ ಆಲೆ ಮರ ಕಡೆದು ಅರಗಿನ ಬಣ್ಣ ಕೊಟ್ಟು ಮಾಡಿದ ಪುಟ್ಟ ಕಾರನ್ನು ಎಳೆದಾಡದ ಮಗು ನಮ್ಮ ಕಡೆ ಅಪರೂಪ. ಆ ಆಟಿಕೆಯಲ್ಲೂ ಚಕ್ರವಿದೆ, ಅಚ್ಚಿದೆ.

ಹೆಸರುಗಳೆಲ್ಲ ಇಂಗ್ಲಿಷು, ನಮಗೆ ಬಾರದು ಎನ್ನುವವರಿದ್ದಾರೆ. ಒಪ್ಪುವುದು ಕಷ್ಟ. ನಾವು ಬಾನೆಟ್ ಎನ್ನುವುದಕ್ಕೆ ಅಮೆರಿಕದವರು ಹುಡ್ ಎನ್ನುತ್ತಾರೆ. ಸ್ಟೆಪ್ನಿ ಎಂಬುದು ವೇಲ್ಸಿನ ಲಾನೆಲಿ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಹೊಸದಾಗಿ ಹೊರಟ ಹೆಚ್ಚುವರಿ ಚಕ್ರಕ್ಕೆ ಅಲ್ಲಿಂದ ಆ ಹೆಸರು ಬಂತು. ಅವರು ಬಹುಮಟ್ಟಿಗೆ ಮರೆತ ಈ ಮಾತನ್ನು ನಮ್ಮ ಪಂಕ್ಚರ್ ಅಂಗಡಿಗಳು ಉಳಿಸಿಕೊಂಡಿವೆ! ಡಿಕ್ಕಿ, ಸೈಲೆನ್ಸರ್, ಕ್ಲಚ್ ಪ್ಲೇಟ್ ಇವೆಲ್ಲ ಈಗ ನಮ್ಮ ಮಾತುಗಳೇ.

ಮೊದಲು ಐದು ಗುರುತಾದರೆ ಸಾಕು. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಇಂಜಿನ್ ಆರಿದ ಮೇಲೆ ಬಾನೆಟ್ ಎತ್ತಿ ನೋಡಿ. ಆಯಿಲ್ ನೋಡುವ ಕಡ್ಡಿ, ಬ್ಯಾಟರಿ, ಬೆಲ್ಟು, ರೇಡಿಯೇಟರ್, ಬ್ರೇಕ್ ಆಯಿಲ್ ಡಬ್ಬಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು, ಕುದಿನೀರು ಮುಖಕ್ಕೆ ಹಾರುತ್ತದೆ. ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ ಹುಡಿ ಕಟ್ಟಿ ಸಂಪರ್ಕ ತಪ್ಪಿದರೂ ಗಾಡಿ ಸ್ಟಾರ್ಟ್ ಆಗದು. ಅಷ್ಟಕ್ಕೇ ಹೊಸ ಬ್ಯಾಟರಿ ಕೊಂಡವರಿದ್ದಾರೆ. ಬ್ರೇಕ್ ಆಯಿಲ್ ಇಳಿದಿದ್ದರೆ ತುಂಬಿಸಿ ಸುಮ್ಮನಾಗಬೇಡಿ. ಒಂದೋ ಬ್ರೇಕ್ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಕನಕಪುರದಿಂದ ಸಂಗಮದ ಕಡೆಗೆ ಇಳಿಯುವಾಗ ಇದು ಗೊತ್ತಾಗುವುದಕ್ಕಿಂತ ಅಂಗಳದಲ್ಲಿ ಗೊತ್ತಾಗುವುದು ಲೇಸು.

ಮುಂದಿನ ತಿಂಗಳ ಸಭೆಯ ದಿನ ಸಂಘದ ಅಂಗಳದಲ್ಲಿ ಒಂದು ಪೆಟ್ರೋಲ್ ಕಾರು, ಒಂದು ಡೀಸೆಲ್ ಪಿಕಪ್ ನಿಲ್ಲಿಸಿ, ತಿಳಿದ ಮೆಕ್ಯಾನಿಕ್ ಒಬ್ಬರಿಂದ ಇವನ್ನೆಲ್ಲ ಮುಟ್ಟಿಸಿ ತೋರಿಸಬೇಕೆಂದು ಆಡಳಿತ ಮಂಡಳಿಯನ್ನು ಕೇಳಿದ್ದೇವೆ. ಸದಸ್ಯ ಬಾಂಧವರು ಮನೆಯ ಹೆಣ್ಣುಮಕ್ಕಳನ್ನೂ ಕರೆತರಬೇಕು. ಗಾಡಿ ಓಡಿಸುವವರಲ್ಲಿ ಈಗ ಅವರೂ ಇದ್ದಾರೆ. ಹಳೆಯ ಗ್ಯಾರೇಜ್ ಬಿಲ್ಲುಗಳಿದ್ದರೆ ಅವನ್ನೂ ಜೊತೆಗೆ ತನ್ನಿ.