ಹೋಂಸ್ಟೇ ಮಾರೋದಾ, ಬೇಡವಾ?

ಚಿಕ್ಕಮಗಳೂರಿನ ಹತ್ತಿರ ಚಿಕ್ಕಪ್ಪನದೊಂದು ನಾಲ್ಕು ಕೋಣೆಯ ಹೋಂಸ್ಟೇ ಇದೆ. ಅದನ್ನು ಕೊಳ್ಳಲು ಬೆಂಗಳೂರಿನವರೊಬ್ಬರು ಬಂದಿದ್ದಾರೆ. ತೋಟ ಬೇಡವಂತೆ, ಕಟ್ಟಡ ಮತ್ತು ಸುತ್ತಲಿನ ಒಂದು ಎಕರೆ ಸಾಕಂತೆ. ದೀಪಾವಳಿಗೆ ಊರಿಗೆ ಹೋದಾಗ ಮನೆಯಲ್ಲಿ ಇದೇ ಮಾತು.

ಈ ಶತಮಾನದ ಆರಂಭದಲ್ಲಿ ಕಾಫಿ ಬೆಲೆ ನೆಲಕಚ್ಚಿತ್ತು. ಆಗ ಎಷ್ಟೋ ಬೆಳೆಗಾರರ ಕೈಹಿಡಿದದ್ದು ಹೋಂಸ್ಟೇ. ಈಗ ಲೆಕ್ಕ ತಿರುಗಿದೆ. 2024ರಲ್ಲಿ ಲಂಡನ್ ಪೇಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ಮೀರಿತು. ಇತ್ತ ಡಿಸೆಂಬರ್ ಕೊನೆಯಲ್ಲಿ ಅತಿಥಿಗಳು ತುಂಬುವ ಹೊತ್ತಿಗೇ ಅರೇಬಿಕಾ ಕೊಯ್ಲು. ಕೋಣೆ ಗುಡಿಸುವವರೂ ಹಣ್ಣು ಕೊಯ್ಯುವವರೂ ಅದೇ ನಾಲ್ಕು ಜನ. ಮಳೆಗಾಲದಲ್ಲಿ ಗುಡ್ಡ ಕುಸಿದ ಸುದ್ದಿ ಟಿವಿಯಲ್ಲಿ ಬಂದರೆ ಸಾಕು, ಬುಕಿಂಗ್‌ಗಳೆಲ್ಲ ರದ್ದು. ಉಳಿದದ್ದರಲ್ಲಿ ಆ್ಯಪ್‌ನವರ ಕಮಿಷನ್ ಬೇರೆ.

ಹೊರಗಿನ ಕೆಲವು ಊರುಗಳಲ್ಲಿ ಈ ನಿರ್ಧಾರವನ್ನು ಸರ್ಕಾರವೇ ಮಾಡುತ್ತಿದೆ. ಬಾರ್ಸಿಲೋನಾ ತನ್ನ ಸುಮಾರು 10,000 ಪ್ರವಾಸಿ ಫ್ಲಾಟ್‌ಗಳ ಪರವಾನಗಿಯನ್ನು 2028ರ ನವೆಂಬರ್ ವೇಳೆಗೆ ಮುಗಿಸುವುದಾಗಿ ಹೇಳಿದೆ. ನ್ಯೂಯಾರ್ಕ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ, 30 ದಿನಕ್ಕಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವವರು ನಗರಾಡಳಿತದಲ್ಲಿ ನೋಂದಾಯಿಸಿಕೊಂಡು, ಅತಿಥಿ ಇರುವಷ್ಟು ದಿನ ತಾವೂ ಅದೇ ಮನೆಯಲ್ಲಿರಬೇಕು. ನಮ್ಮಲ್ಲೂ ಹೋಂಸ್ಟೇ ಎಂದರೆ ಮಾಲೀಕರು ವಾಸವಿರುವ ಮನೆ ಎಂಬುದೇ ನಿಯಮ. ಆದರೆ ನಮ್ಮ ಪಕ್ಕದ ಮನೆಯನ್ನೇ ನೋಡಿ. ಅದು ಮಾರಾಟವಾಗಿ ಎರಡು ವರ್ಷ, ಹೊಸ ಮಾಲೀಕರ ಮುಖವನ್ನು ಯಾರೂ ಕಂಡಿಲ್ಲ. ಒಬ್ಬ ಮ್ಯಾನೇಜರ್ ಇದ್ದಾನೆ, ಶನಿವಾರ ರಾತ್ರಿಯ ಸ್ಪೀಕರ್ ಇದೆ. ಬೋರ್ಡಿನಲ್ಲಿ ಮಾತ್ರ ಇನ್ನೂ 'ಹೋಂಸ್ಟೇ'. ನಮ್ಮದೂ ಹಾಗೇ ಆಗುತ್ತದೆಂಬುದು ಅಪ್ಪನ ಭಯ.

ನಾನೂ ಮಾರುವುದು ಬೇಡ ಎಂದೆ. ವರ್ಷಕ್ಕೆರಡು ಸಲ ಹೋಗಿ ನೀರುದೋಸೆ ತಿಂದು ಬರುವವಳಿಗೆ ಹಾಗೆನ್ನುವುದು ಸುಲಭ. ಚಿಕ್ಕಪ್ಪನ ಲೆಕ್ಕದ ಪುಸ್ತಕದಲ್ಲಿ ಗ್ಯಾಸ್, ಕೋಳಿ, ಬೆಡ್‌ಶೀಟ್ ಒಗೆಸಿದ ಖರ್ಚು ಎಲ್ಲ ಇದೆ. ಬೆಳಿಗ್ಗೆ ಐದಕ್ಕೆ ಎದ್ದು ಹದಿನೈದು ಜನರಿಗೆ ತಿಂಡಿ ಮಾಡುವ ಚಿಕ್ಕಮ್ಮನ ಹೆಸರಿನಲ್ಲಿ ಒಂದು ರೂಪಾಯಿಯೂ ಇಲ್ಲ. ಅಡುಗೆಗೆ ಸಂಬಳದ ಜನ ಇಟ್ಟರೆ ಲಾಭ ಎಂದು ತೋರಿಸುವ ಹಣ ಅಲ್ಲಿಗೇ ಹೋಗುತ್ತದೆ. ಅಂದರೆ ಇಷ್ಟು ವರ್ಷ ಹೋಂಸ್ಟೇ ನಡೆದದ್ದೇ ಅವರ ಬಿಟ್ಟಿ ದುಡಿಮೆಯ ಮೇಲೆ. ಇದನ್ನು ಹೇಳಿದಾಗ ಚಿಕ್ಕಪ್ಪ ಸುಮ್ಮನಾದರು.

ಮಾರ್ಚ್‌ನಿಂದ ಮೇವರೆಗೆ ಮಾತ್ರ, ಎರಡೇ ಕೋಣೆ ತೆರೆಯೋಣ ಎಂದೆ. "ಬ್ಯಾಂಕಿನ ಕಂತು ಹನ್ನೆರಡು ತಿಂಗಳೂ ಬರುತ್ತಲ್ಲಮ್ಮಾ" ಎಂದರು ಚಿಕ್ಕಪ್ಪ. "ನಿಮಗೇನನ್ನಿಸುತ್ತೆ?" ಎಂದು ಚಿಕ್ಕಮ್ಮನನ್ನು ಕೇಳಿದೆ. "ಈಗ ಕೇಳಿದ್ಯಲ್ಲ, ಯೋಚನೆ ಮಾಡಿ ಹೇಳ್ತೀನಿ" ಎಂದರು. ಕೊಳ್ಳುವವರಿಗೆ ಜನವರಿವರೆಗೆ ಕಾಯಲು ಹೇಳಿದ್ದಾರೆ.